ಮಳೆಗಾಲದ ಮಲೆನಾಡಿನಲ್ಲಿ ಒಂದಿಡೀ ದಿನ ನಡೆಯುವವರಿಗೆ

ಜೂನ್ ಬಂತೆಂದರೆ ಓದುಗರಿಂದ ಅದೇ ಮೂರು ಪ್ರಶ್ನೆಗಳು. ಯಾವ ರೇನ್‌ಕೋಟ್ ತಗೊಳ್ಳಲಿ? ಯಾವ ಶೂ ಹಾಕಲಿ? ಇಂಬಳಕ್ಕೆ, ಅಂದರೆ ಜಿಗಣೆಗೆ, ಏನು ಹಚ್ಚಲಿ? ಮೂರಕ್ಕೂ ಮುಂದೆ ಉತ್ತರವಿದೆ. ಆದರೆ ಮೊದಲು ಒಂದು ಮಾತು ಒಪ್ಪಿಕೊಳ್ಳಿ: ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಮಲೆನಾಡಿನಲ್ಲಿ ಮೂರು ಗಂಟೆ ನಡೆದವರು ಯಾರೂ ಒಣಗಿ ಉಳಿಯುವುದಿಲ್ಲ. ಹೊರಗಿನಿಂದ ಮಳೆ ನೆನೆಸದಿದ್ದರೆ ಒಳಗಿನಿಂದ ಬೆವರು ನೆನೆಸುತ್ತದೆ. ಹಾಗಾಗಿ ನೆನೆಯದಿರಲು ಹಣ ಸುರಿಯಬೇಡಿ. ನೆಂದರೂ ಮೈ ಬೆಚ್ಚಗಿರಬೇಕು, ಒಂದು ಜೊತೆ ಬಟ್ಟೆ ಕೊನೆಯವರೆಗೂ ಒಣಗಿರಬೇಕು. ತಯಾರಿಯೆಲ್ಲ ಈ ಎರಡಕ್ಕೆ.

ಇಲ್ಲಿ ಹೇಳುವುದು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆ ಊರ ರಸ್ತೆ, ತೋಟದ ಮಣ್ಣುದಾರಿ, ಕಾಡಂಚಿನ ಕಾಲುದಾರಿಗಳನ್ನು ಸೇರಿಸಿ 18ರಿಂದ 25 ಕಿ.ಮೀ. ನಡೆಯುವವರಿಗೆ. ಬಂಡೆ ಹತ್ತುವವರಿಗಲ್ಲ.

1. ದಾರಿ ಆರಿಸುವುದು

ಒಂದು ವಾರ ಮೊದಲೇ ದಾರಿ ಗೊತ್ತುಮಾಡಿ. ಮಳೆಗಾಲದ ದಾರಿಗೆ ಮೂರು ಗುಣ ಇರಬೇಕು: 5-6 ಕಿ.ಮೀ.ಗೊಮ್ಮೆ ಊರು ಅಥವಾ ಬಸ್ ರಸ್ತೆ ಸಿಗಬೇಕು, ಸೇತುವೆ ಇಲ್ಲದ ಹಳ್ಳ ಅಡ್ಡ ಬರಬಾರದು, ಕೊನೆಯ ಐದಾರು ಕಿ.ಮೀ. ಟಾರು ರಸ್ತೆಯಾಗಿರಬೇಕು. ಸುಸ್ತಾದ ಕಾಲಿಗೆ ಸಂಜೆಯ ಜಾರುದಾರಿ ಬೇಡ.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರ ಪರ್ವತವಿರುವ ಪುಷ್ಪಗಿರಿ ವನ್ಯಧಾಮದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಮಳೆ ಜೋರಾದಾಗ ಇಂಥ ದಾರಿಗಳನ್ನು ಮುಚ್ಚುವುದೂ ಉಂಟು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ನಡೆಯುವ ಆಸೆ ಇನ್ನೂ ಹಲವರಿಗಿದೆ. ಅದು ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮಳೆಯ ಸದ್ದಿನಲ್ಲಿ ಸುರಂಗದೊಳಗೆ ರೈಲು ಬರುವುದೂ ಕೇಳುವುದಿಲ್ಲ.

ನಕ್ಷೆಗೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆ ನೋಡಿ. ನಕ್ಷೆಯ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿ.ಮೀ. ಫೋನಿನ ನಕ್ಷೆಯಲ್ಲಿ ಕಾಣದ ಹಳ್ಳಗಳು ಇದರಲ್ಲಿ ನೀಲಿ ಗೆರೆಯಾಗಿ ಕಾಣುತ್ತವೆ. ನಿಮ್ಮ ದಾರಿ ನೀಲಿ ಗೆರೆ ದಾಟುವ ಪ್ರತಿ ಜಾಗಕ್ಕೂ ಗುರುತು ಹಾಕಿ, ಅಲ್ಲಿ ಸೇತುವೆ ಇದೆಯೇ, ಕಾಲುಸಂಕವೇ, ಏನೂ ಇಲ್ಲವೇ ಎಂದು ಆ ಊರಿನವರನ್ನು ಕೇಳಿಕೊಳ್ಳಿ. ಕಾಲುಸಂಕ ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ, ಜನ ಮಾತ್ರ ದಾಟುವ ಕಿರುಸೇತುವೆ. ಕೆಲವು ಕಾಂಕ್ರೀಟಿನವು. ಹಲವು ಇನ್ನೂ ಅಡಿಕೆ ಮರದವು.

2. ಹವಾಮಾನ ಮತ್ತು ಸಮಯದ ಲೆಕ್ಕ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 204.4 ಮಿ.ಮೀ.ವರೆಗೆ ಅತಿ ಭಾರೀ, ಅದಕ್ಕೂ ಮೇಲೆ ವಿಪರೀತ ಮಳೆ. ಈ 24 ಗಂಟೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನದು. ಹಳದಿ ಎಚ್ಚರಿಕೆ ಇದ್ದರೆ ಯೋಚಿಸಿ ಹೊರಡಿ. ಕಿತ್ತಳೆ ಇದ್ದರೆ ದಾರಿಯನ್ನು ಅರ್ಧಕ್ಕಿಳಿಸಿ, ಟಾರು ರಸ್ತೆ ಬಿಡಬೇಡಿ. ಕೆಂಪಾದರೆ ಹೊರಡಬೇಡಿ.

ಜಿಲ್ಲೆಯ ಮುನ್ಸೂಚನೆಯೊಂದನ್ನೇ ನೆಚ್ಚಿಕೊಳ್ಳುವುದು ತಪ್ಪು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಅದೇ ಶಿವಮೊಗ್ಗ ಜಿಲ್ಲೆಯ ಮೂಡಣ ಭಾಗಕ್ಕೆ ಅದರ ಸಣ್ಣ ಪಾಲೂ ಸಿಗುವುದಿಲ್ಲ. ಇದಕ್ಕಿಂತ ಸುಲಭದ ಅಳತೆಗೋಲು ಒಂದಿದೆ: ಆ ತಾಲ್ಲೂಕಿನ ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದರೆ ನಿಮ್ಮ ನಡಿಗೆಗೂ ರಜೆ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮಲೆನಾಡಿನ ಕೆಸರಿಗೆ ಈ ವೇಗ ಹೊಂದುವುದಿಲ್ಲ. ಟಾರು ರಸ್ತೆಯಲ್ಲಿ ಗಂಟೆಗೆ 4, ಮಣ್ಣುದಾರಿಯಲ್ಲಿ 3, ಕಾಲುದಾರಿಯಲ್ಲಿ 2 ಕಿ.ಮೀ. ಎಂದಿಟ್ಟುಕೊಳ್ಳಿ. ಉದಾಹರಣೆಗೆ 22 ಕಿ.ಮೀ. ದಾರಿ, ಅದರಲ್ಲಿ 8 ಟಾರು, 9 ಮಣ್ಣು, 5 ಕಾಲುದಾರಿ. ಆಗ 2, 3, ಎರಡೂವರೆ ಸೇರಿ ಏಳೂವರೆ ಗಂಟೆ. 300 ಮೀಟರ್ ಏರಿಗೆ ಅರ್ಧ ಗಂಟೆ. ಊಟ, ವಿಶ್ರಾಂತಿಗೆ ಒಂದು ಗಂಟೆ. ಒಟ್ಟು 9. ಬೆಳಿಗ್ಗೆ 7ಕ್ಕೆ ಹೊರಟರೆ ಸಂಜೆ 4ಕ್ಕೆ ಮುಗಿಯುತ್ತದೆ.

ಜುಲೈಯಲ್ಲಿ ಸೂರ್ಯ ಮುಳುಗುವುದು 7ರ ಹೊತ್ತಿಗಾದರೂ ಮೋಡ ಕವಿದ ಕಾಡಂಚಿನಲ್ಲಿ ಆರಕ್ಕೇ ಕತ್ತಲು. ನಿಮ್ಮ ಲೆಕ್ಕ ಸಂಜೆ 5ನ್ನು ಮೀರಿದರೆ ದಾರಿಯನ್ನೇ ಮೊಟಕುಮಾಡಿ. ಬೇಗ ಬೇಗ ನಡೆದು ಸರಿಪಡಿಸುತ್ತೇನೆ ಎಂಬ ಲೆಕ್ಕ ಕೆಸರಿನಲ್ಲಿ ನಡೆಯುವುದಿಲ್ಲ. ಸಕಲೇಶಪುರ, ಆಲೂರು, ಕೊಡಗಿನ ಕಾಫಿ ತೋಟಗಳಲ್ಲಿ ಆನೆ ಓಡಾಡುವುದರಿಂದ ಅಲ್ಲಂತೂ ಬೆಳಕು ಸರಿಯಾಗಿ ಹರಿದ ಮೇಲೆ ಹೊರಟು, ಐದರೊಳಗೆ ಊರು ಸೇರಲೇಬೇಕು.

3. ಬಟ್ಟೆ

ಮಲೆನಾಡಿನ ಮಳೆಗಾಲದ 20 ಡಿಗ್ರಿ ಸೆಲ್ಸಿಯಸ್ ಕೇಳಲು ಚಳಿಯೇ ಅಲ್ಲ. ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೋಳುಗುಡ್ಡದ ಮೇಲೆ ಗಾಳಿಯೂ ಸೇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತವರಿಗೆ 12-15 ಡಿಗ್ರಿಯಲ್ಲೂ ಅಪಾಯದ ಚಳಿ ಹಿಡಿಯುವುದು ಹೀಗೆ.

ಒಳಗೆ ಪಾಲಿಯೆಸ್ಟರ್ ಟೀ ಶರ್ಟ್, ಆಟಗಾರರು ಹಾಕುವಂಥದ್ದು. ಹತ್ತಿ ಬನಿಯನ್ ಬೇಡ, ಅದು ನೀರು ಹಿಡಿದಿಟ್ಟುಕೊಂಡು ಮೈಗೆ ಅಂಟಿ ತಣ್ಣಗೆ ಕೂರುತ್ತದೆ. ಜೀನ್ಸ್ ಖಂಡಿತ ಬೇಡ. ನೆಂದ ಜೀನ್ಸ್ ಭಾರವಾಗಿ ತೊಡೆಯ ಸಂದು ಉಜ್ಜಿ ಹತ್ತು ಕಿ.ಮೀ.ಯೊಳಗೆ ಚರ್ಮ ಕಿತ್ತುಬರುತ್ತದೆ. ತೆಳ್ಳನೆಯ, ಬೇಗ ಒಣಗುವ ನೈಲಾನ್ ಪ್ಯಾಂಟ್ ಸಾಕು.

ನಡುವಿನ ಪದರಕ್ಕೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ. ಎರಡೂ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತವೆ. ಇದನ್ನು ಹಾಕಿಕೊಂಡು ನಡೆಯಬೇಡಿ. ಚೀಲದಲ್ಲಿರಲಿ, ನಿಂತಾಗ ಹಾಕಿಕೊಳ್ಳಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿದ್ದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಹತ್ತು ನಿಮಿಷ ನಡೆದರೆ ಮೈ ಕಾಯುತ್ತದೆ.

ಇನ್ನು ರೇನ್‌ಕೋಟ್. ಬೆವರಿನ ಆವಿಯನ್ನು ಹೊರಬಿಡುವ ದುಬಾರಿ ಬಟ್ಟೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಆ ಆವಿ ಹೋಗುವುದೆಲ್ಲಿಗೆ? ಒಣ ಚಳಿಯ ನಾಡಿಗೆ ಹೊಂದುವ ಆ ಬಟ್ಟೆ ನಮ್ಮ ಜುಲೈಗೆ ಕೊಟ್ಟ ದುಡ್ಡಿನಷ್ಟು ಕೆಲಸ ಮಾಡುವುದಿಲ್ಲ. ಹೊಲಿಗೆಗಳಿಗೆ ಒಳಗಿನಿಂದ ಟೇಪ್ ಅಂಟಿಸಿರಬೇಕು, ಟೋಪಿಗೆ ಮುಂದೆ ಗಟ್ಟಿ ಅಂಚು ಇರಬೇಕು, ಕಂಕುಳಲ್ಲಿ ಜಿಪ್ ಅಥವಾ ಗಾಳಿಕಿಂಡಿ ಇರಬೇಕು, ಉದ್ದ ತೊಡೆಯವರೆಗೆ ಬರಬೇಕು. ಇಷ್ಟಿದ್ದರೆ ಸಾಧಾರಣ ಬೆಲೆಯದೇ ಸಾಕು.

ಊರ ರಸ್ತೆಯಲ್ಲಿ ಮಾತ್ರ ಕೊಡೆಯನ್ನು ಮೀರಿಸಿದ್ದು ಇಲ್ಲ. ಗಾಳಿ ಆಡುತ್ತದೆ, ಬೆವರುವುದಿಲ್ಲ, ಜಾರಿದಾಗ ಊರುಗೋಲೂ ಆಗುತ್ತದೆ. ಮಡಚುವ ಪುಟ್ಟ ಕೊಡೆ ಬೇಡ, ಉದ್ದ ಹಿಡಿಯ ಗಟ್ಟಿ ಕೊಡೆ ಇರಲಿ. ಬಯಲುಗುಡ್ಡದಲ್ಲಿ ಅದನ್ನು ಮುಚ್ಚಿ. ನಾಟಿ ಮಾಡುವವರ ಕಂಬಳಿ ಕೊಪ್ಪೆ ಬಾಗಿ ನಿಂತು ಮಾಡುವ ಕೆಲಸಕ್ಕೆ ಹೇಳಿಮಾಡಿಸಿದ್ದು. ನೆಂದ ಮೇಲೆ ಅದನ್ನು ಹೊತ್ತು 20 ಕಿ.ಮೀ. ನಡೆಯುವುದು ಕಷ್ಟ.

4. ಕಾಲು, ಶೂ, ಇಂಬಳ

ನೀರು ಒಳಗೆ ಬಾರದ ಶೂ ತಗೊಳ್ಳಬೇಡಿ. ಪಾದದ ಮೇಲಿನಿಂದ, ಕಾಲುಚೀಲದ ಮೂಲಕ ನೀರು ಇಳಿದೇ ಇಳಿಯುತ್ತದೆ, ಇಳಿದದ್ದು ಹೊರಗೆ ಹೋಗುವುದಿಲ್ಲ. ಬಲೆಯಂಥ ಮೇಲ್ಬಟ್ಟೆ, ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಶೂ ಒಳ್ಳೆಯದು. ನೀರು ಬರಲಿ, ಹೋಗಲಿ. ಗಮ್‌ಬೂಟ್ ತೋಟದ ಕೆಲಸಕ್ಕೆ ಸರಿ. ದೂರದ ನಡಿಗೆಯಲ್ಲಿ ಹಿಮ್ಮಡಿ ಒಳಗೇ ಜಾರಾಡಿ ಬೊಬ್ಬೆ ಏಳುತ್ತದೆ. ಹೊಸ ಶೂ ಯಾವುದೇ ಇರಲಿ, ಮೊದಲು 30-40 ಕಿ.ಮೀ. ಊರಲ್ಲಿ ಹಾಕಿ ಪಳಗಿಸಿ.

ಎರಡು ದಿನ ಮೊದಲು ಕಾಲುಗುರು ಕತ್ತರಿಸಿ. ಬೆಳಿಗ್ಗೆ ಬೆರಳ ಸಂದು, ಹಿಮ್ಮಡಿ, ಅಂಗಾಲು, ತೊಡೆಸಂದಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ. ಮೂರು ಜೊತೆ ಕಾಲುಚೀಲ ಬೇಕು: ಒಂದು ಕಾಲಲ್ಲಿ, ಒಂದು ಮಧ್ಯಾಹ್ನ ಬದಲಿಸಲು, ಇನ್ನೊಂದು ನಡಿಗೆ ಮುಗಿದ ಮೇಲೆ. ಗಂಟೆಗಟ್ಟಲೆ ನೆಂದ ಅಂಗಾಲು ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ. ಆ ಮೆತ್ತನೆಯ ಚರ್ಮ ಸಣ್ಣ ಉಜ್ಜಾಟಕ್ಕೂ ಹರಿಯುತ್ತದೆ. ಊಟದ ಹೊತ್ತಿಗೆ ಹತ್ತು ನಿಮಿಷ ಶೂ ಬಿಚ್ಚಿ, ಕಾಲು ಒರೆಸಿ, ಗಾಳಿಗಿಟ್ಟು, ಮತ್ತೆ ವ್ಯಾಸಲೀನ್ ಹಚ್ಚಿ ಬೇರೆ ಕಾಲುಚೀಲ ಹಾಕಿ. ಮತ್ತೆ ನೆನೆಯುತ್ತದಲ್ಲ ಎಂದು ಇದನ್ನು ಬಿಡುವವರೇ ಸಂಜೆ ಕುಂಟುವುದು.

ಇಂಬಳ, ಕೆಲವು ಕಡೆ ಉಂಬಳ, ಪುಸ್ತಕದಲ್ಲಿ ಜಿಗಣೆ. ಸುಣ್ಣ, ಹೊಗೆಸೊಪ್ಪಿನ ನೀರು, ಬೇವಿನೆಣ್ಣೆ, ಉಪ್ಪು ಎಲ್ಲವೂ ಕೆಲಸ ಮಾಡುತ್ತವೆ, ಮಳೆ ತೊಳೆಯುವವರೆಗೆ. ಜೋರು ಮಳೆಯಲ್ಲಿ ಅದು ಬಹಳ ಹೊತ್ತಲ್ಲ. ನಿಜವಾಗಿ ತಡೆಯುವುದು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಹೊಲಿದ, ಮೊಣಕಾಲವರೆಗೆ ಬಂದು ದಾರದಿಂದ ಬಿಗಿಯುವ ಇಂಬಳದ ಕಾಲುಚೀಲ. ಸಾಮಾನ್ಯ ಕಾಲುಚೀಲದ ಹೆಣಿಗೆಯ ತೂತಿನಲ್ಲಿ ಇಂಬಳ ನುಸುಳುತ್ತದೆ. ಪ್ಯಾಂಟಿನ ಮೇಲೆ ಇದನ್ನು ಎಳೆದು ಕಟ್ಟಿ, ಔಷಧಿ ಹಚ್ಚುವುದಿದ್ದರೆ ಇದರ ಮೇಲೆ ಹಚ್ಚಿ. ತರಗೆಲೆ ಬಿದ್ದ ನೆರಳಿನ ಜಾಗದಲ್ಲಿ ನಿಲ್ಲಬೇಡಿ. ನಿಲ್ಲುವುದಿದ್ದರೆ ಟಾರು ರಸ್ತೆಯ ನಡುಭಾಗ ಅಥವಾ ಬಂಡೆ ನೋಡಿ.

ಕಚ್ಚಿದ್ದನ್ನು ಕಿತ್ತೆಳೆಯಬೇಡಿ. ಸಪುರ ತುದಿಯಿರುವ ಕಡೆ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತುವನ್ನು ಅದು ಬಿಟ್ಟಿರುತ್ತದಾದ್ದರಿಂದ ಬಹಳ ಹೊತ್ತು ರಕ್ತ ಒಸರುವುದು ಸಹಜ. ತೊಳೆದು, ಬಟ್ಟೆ ಒತ್ತಿ ಹಿಡಿದು, ಪಟ್ಟಿ ಹಾಕಿ. ಕೆರೆದುಕೊಂಡರೆ ಹುಣ್ಣಾಗುತ್ತದೆ.

5. ಚೀಲ

20-25 ಲೀಟರ್ ಚೀಲ ಸಾಕು, ತೂಕ 5 ಕೆ.ಜಿ. ದಾಟದಿರಲಿ. ಚೀಲದ ಮೇಲೆ ಹಾಕುವ ಮಳೆಕವಚವನ್ನು ನಂಬಬೇಡಿ. ಬೆನ್ನ ಕಡೆಯಿಂದ ಇಳಿವ ನೀರು ಕವಚದೊಳಗೇ ನಿಲ್ಲುತ್ತದೆ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಇಳಿಸಿ, ಸಾಮಾನೆಲ್ಲ ಅದರೊಳಗಿಟ್ಟು ಬಾಯಿ ತಿರುಚಿ ಕಟ್ಟಿ.

ಒಳಗೆ ಹೋಗಬೇಕಾದ್ದು: ಒಂದು ಪೂರ್ತಿ ಜೊತೆ ಒಣಬಟ್ಟೆ, ಇನ್ನೊಂದು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನಡಿಗೆ ಮುಗಿಯುವವರೆಗೆ ಅಥವಾ ಯಾರಿಗಾದರೂ ತೀರಾ ಚಳಿ ಹಿಡಿಯುವವರೆಗೆ ಮುಟ್ಟದಂತೆ. ಸ್ವೆಟರ್, ಉಣ್ಣೆ ಟೋಪಿ, ಕಾಲುಚೀಲ. ತಲೆಗೆ ಕಟ್ಟುವ ಟಾರ್ಚ್. ನಾಲ್ಕು ಜನ ಕೆಳಗೆ ಕೂರಬಹುದಾದಷ್ಟು ಪ್ಲಾಸ್ಟಿಕ್ ಹಾಳೆ. ಪಟ್ಟಿ, ಗಾಜ್ ಬಟ್ಟೆ, ನಂಜುನಿವಾರಕ, ನೀವು ದಿನಾ ತಗೊಳ್ಳುವ ಮಾತ್ರೆ. ಸೀಟಿ. ಪವರ್ ಬ್ಯಾಂಕ್.

ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಒದ್ದೆ ಪರದೆ ಬೆರಳಿಗೆ ಸ್ಪಂದಿಸದೆ ತನಗೆ ತೋಚಿದ್ದನ್ನು ಒತ್ತಿಕೊಳ್ಳುತ್ತದೆ. ಆದ್ದರಿಂದ ದಾರಿಯ ಮುಖ್ಯ ತಿರುವುಗಳನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜಿಪ್ ಕವರಿನಲ್ಲಿಡಿ. ಪೆನ್ನಿನ ಶಾಯಿ ಹರಡುತ್ತದೆ.

ಒಂದು ಲೀಟರ್ ಫ್ಲಾಸ್ಕಿನಲ್ಲಿ ಶುಂಠಿ, ಬೆಲ್ಲ ಹಾಕಿದ ಬಿಸಿ ಕಷಾಯ, ಜೊತೆಗೆ ಒಂದೂವರೆ ಲೀಟರ್ ನೀರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗಂಟೆಗೊಮ್ಮೆ ನೆನಪಿಟ್ಟು ಕುಡಿಯಿರಿ. ದಾರಿಯ ತೊರೆಯ ನೀರು ತಿಳಿಯಾಗಿ ಕಂಡರೂ ತೋಟದ ಕೆಳಗೆ ಹರಿದು ಬಂದದ್ದನ್ನು ಕುಡಿಯಬೇಡಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಇದೇ ತಿಂಗಳುಗಳಲ್ಲಿ.

ಊಟಕ್ಕೆ ಕಡುಬು ಅಥವಾ ಪಲ್ಯ ಸುತ್ತಿದ ಚಪಾತಿ. ನಡುನಡುವೆ ತಿನ್ನಲು ಶೇಂಗಾ ಚಿಕ್ಕಿ, ಖರ್ಜೂರ. ಇವು ರೇನ್‌ಕೋಟಿನ ಜೇಬಿನಲ್ಲಿರಲಿ. ಮಳೆಯಲ್ಲಿ ಚೀಲ ಬಿಚ್ಚಲು ಬೇಸರವಾಗಿ ಮಧ್ಯಾಹ್ನದವರೆಗೆ ಹಸಿದೇ ನಡೆಯುವುದು ಮಾಮೂಲಿ ತಪ್ಪು. ಹೊಟ್ಟೆ ಖಾಲಿಯಾದರೆ ಮೈ ಕಾಯಿಸಿಕೊಳ್ಳಲು ಉರುವಲೇ ಇರುವುದಿಲ್ಲ.

6. ಹೊರಡುವ ಬೆಳಿಗ್ಗೆ

ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ಎಲ್ಲಿ ಮುಗಿಸುತ್ತೀರಿ ಎಂದು ಮನೆಯವರಿಗೂ ಉಳಿದುಕೊಂಡ ಮನೆಯವರಿಗೂ ಹೇಳಿ. ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಿ ಎಂದು ಸ್ಪಷ್ಟವಾಗಿ ತಿಳಿಸಿ. ಯಾವ ಕಂಪನಿಯ ಸಿಗ್ನಲ್ ಎಲ್ಲಿವರೆಗೆ ಸಿಗುತ್ತದೆ, ಕೊನೆಯ ಬಸ್ ಎಷ್ಟಕ್ಕೆ ಎಂದೂ ಅಲ್ಲೇ ಕೇಳಿಕೊಳ್ಳಿ. ಮೂವರಿಗಿಂತ ಕಡಿಮೆ ಜನ ಹೋಗಬೇಡಿ.

7. ದಾರಿಯಲ್ಲಿ

ನಿಧಾನವಾಗಿ, ಆದರೆ ನಿಲ್ಲದೆ ನಡೆಯಿರಿ. ಹತ್ತು ನಿಮಿಷ ಮೀರಿ ನಿಲ್ಲುವುದಿದ್ದರೆ ಮೊದಲು ಸ್ವೆಟರ್ ಹಾಕಿ, ಆಮೇಲೆ ಫೋಟೊ. ಗುಂಪಿನ ವೇಗ ಅತಿ ನಿಧಾನವಾಗಿ ನಡೆಯುವವರದ್ದೇ ಆಗಿರಲಿ.

ದಾರಿ ಕೇಳುವಾಗ ‘ಇದು ಶೃಂಗೇರಿಗೆ ಹೋಗುತ್ತಾ?’ ಎನ್ನಬೇಡಿ. ಎಲ್ಲ ದಾರಿಯೂ ಎಲ್ಲಾದರೊಂದು ಕಡೆ ಸುತ್ತಿ ಶೃಂಗೇರಿಗೆ ಹೋಗುತ್ತದೆ, ‘ಹೌದು’ ಎಂದೇ ಉತ್ತರ ಬರುತ್ತದೆ. ‘ಅಣ್ಣಾ, ಈ ದಾರಿ ಎಲ್ಲಿಗೆ ಹೋಗುತ್ತೆ? ಹಳ್ಳ ಸಿಗುತ್ತಾ? ಇವತ್ತು ದಾಟಬಹುದಾ?’ ಎಂದು ಕೇಳಿ. ‘ಇಲ್ಲೇ, ಹತ್ತಿರ’ ಎಂಬುದನ್ನು ಎರಡು ಕಿ.ಮೀ. ಎಂದು ತಿಳಿಯಿರಿ.

ಪಾಚಿ ಕಟ್ಟಿದ ಜಂಬಿಟ್ಟಿಗೆ ಕಲ್ಲು, ಸಿಪ್ಪೆ ಬಿಟ್ಟ ಮರದ ಬೇರು, ಮನೆ ಮುಂದಿನ ಹಳೆಯ ಕಾಂಕ್ರೀಟ್ ಇಳಿಜಾರು: ಜಾರುವುದರಲ್ಲಿ ಕೆಸರಿಗಿಂತ ಇವೇ ಮುಂದು. ಇಲ್ಲಿ ಪಾದ ಪೂರ್ತಿ ಊರಿ, ಹೆಜ್ಜೆ ಚಿಕ್ಕದು ಮಾಡಿ. ರಸ್ತೆ ಬದಿಯಲ್ಲಿ ಗುಡ್ಡ ಕಡಿದು ನಿಲ್ಲಿಸಿದ ಮಣ್ಣುಗೋಡೆಯನ್ನು ಧರೆ ಎನ್ನುತ್ತಾರೆ. ಅದರ ಬುಡದಲ್ಲಿ ಮಳೆಗೆ ಆಸರೆ ಪಡೆಯಬೇಡಿ. ಧರೆಯಿಂದ ಕೆಸರುನೀರು ಹೊಸದಾಗಿ ಒಸರುತ್ತಿದ್ದರೆ, ಮೇಲಿನ ಮರ ವಾಲಿದ್ದರೆ ರಸ್ತೆಯ ಆಚೆ ಬದಿಗೆ ಸರಿದು ಬೇಗ ದಾಟಿ.

ತುಂಡಾಗಿ ಬಿದ್ದ ವಿದ್ಯುತ್ ತಂತಿ ಸತ್ತಿದೆ ಎಂದು ಎಂದೂ ತಿಳಿಯಬೇಡಿ. ಒದ್ದೆ ನೆಲದಲ್ಲಿ ಅದರ ಸುತ್ತ ಹಲವು ಮೀಟರ್‌ವರೆಗೆ ವಿದ್ಯುತ್ ಹರಡಿರಬಹುದು. ಬಂದ ದಾರಿಯಲ್ಲೇ, ಪಾದ ನೆಲಕ್ಕೆ ತಾಗಿಸಿಕೊಂಡು ಪುಟ್ಟ ಹೆಜ್ಜೆಯಲ್ಲಿ ಹಿಂದೆ ಸರಿಯಿರಿ. ತಂತಿಬೇಲಿಯನ್ನೂ ಹಿಡಿಯಬೇಡಿ.

ನಾಟಿಯ ಸಮಯದಲ್ಲಿ ಗದ್ದೆಯ ಅಂಚಿಗೆ ಹೊಸ ಮಣ್ಣು ಮೆತ್ತಿರುತ್ತಾರೆ. ಹತ್ತು ಜನ ನಡೆದರೆ ಅದು ಒಡೆದು ನೀರು ಹೋಗುತ್ತದೆ. ಸುತ್ತುದಾರಿ ಹಿಡಿಯಿರಿ, ಅಥವಾ ಕೇಳಿ ದಾಟಿ. ದಣಪೆ, ಅಂದರೆ ಬೇಲಿಯ ನಡುವೆ ಅಡ್ಡಗಳುಗಳನ್ನು ಸರಿಸುವ ದಾರಿ, ತೆಗೆದರೆ ಮರಳಿ ಹಾಕಿ.

8. ಹಳ್ಳ

ಇಡೀ ದಿನದಲ್ಲಿ ಪ್ರಾಣಕ್ಕೆ ಎರವಾಗಬಲ್ಲ ಜಾಗ ಇದು. ನಿಯಮ ಕಟ್ಟುನಿಟ್ಟು: ನೀರು ಮೊಣಕಾಲಿಗಿಂತ ಮೇಲಿದ್ದರೆ, ತಳ ಕಾಣದಿದ್ದರೆ, ಕಡ್ಡಿಯೊಂದನ್ನು ಎಸೆದಾಗ ಅದು ನಿಮ್ಮ ನಡಿಗೆಗಿಂತ ವೇಗವಾಗಿ ಹೋದರೆ ದಾಟಬೇಡಿ. ಹಿಂದೆ ಹೋಗಿ.

ನಿಮ್ಮ ಮೇಲೆ ಮಳೆ ಬೀಳದಿದ್ದರೂ ಹಳ್ಳ ಏರಬಹುದು, ಗುಡ್ಡದ ಮೇಲೆ ಸುರಿದರೆ ಸಾಕು. ತಿಳಿಯಾಗಿದ್ದ ನೀರು ಕೆಂಪಾದರೆ, ತರಗೆಲೆ ಕಡ್ಡಿ ತೇಲಿ ಬರತೊಡಗಿದರೆ, ಸದ್ದು ಬದಲಾದರೆ ಮೇಲಿಂದ ನೀರು ಬರುತ್ತಿದೆ ಎಂದರ್ಥ. ಕೂಡಲೇ ದಡ ಹತ್ತಿ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಸಂಜೆ ಸೊಂಟದವರೆಗೆ ಇರಬಹುದಾದ್ದರಿಂದ, ಹೋದ ದಾರಿಯಲ್ಲೇ ಹಿಂದಿರುಗುವವರು ಆ ಹಳ್ಳವನ್ನು ದಾಟದಿರುವುದೇ ಲೇಸು.

ದಾಟಬಹುದಾದ ನೀರಿನಲ್ಲಿ ಶೂ ಬಿಚ್ಚಬೇಡಿ. ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಬೇಕು. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲೂರಿ, ಒಂದೊಂದೇ ಕಾಲು ಅಡ್ಡ ಸರಿಸಿ. ಕಿರಿದಾದ ಜಾಗದಲ್ಲಿ ನೀರು ಆಳ, ಸೆಳೆತವೂ ಹೆಚ್ಚು. ಅಗಲವಾಗಿ ಹರಡಿದ ಕಡೆ ದಾಟಿ.

ಅಡಿಕೆ ಮರದ ಕಾಲುಸಂಕ ಊರಿನವರು ಆ ವಾರ ಬಳಸುತ್ತಿದ್ದಾರೆಯೇ ಕೇಳಿ. ಒಬ್ಬೊಬ್ಬರೇ ದಾಟಿ. ಕೈಹಿಡಿ ಇಲ್ಲದಿದ್ದರೆ, ನೀರು ಮರಕ್ಕೆ ತಾಗುತ್ತಿದ್ದರೆ ಅದನ್ನು ಬಿಟ್ಟುಬಿಡಿ.

9. ಚಳಿ ಹಿಡಿದರೆ

ಮೈಯ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಇಳಿಯುವ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ತಡೆಯಲಾಗದ ನಡುಕ, ಬೆರಳು ಜಿಪ್ ಎಳೆಯಲಾಗದಷ್ಟು ಮರಗಟ್ಟುವುದು. ಆಮೇಲೆ ತೊದಲು ಮಾತು, ಎಡವುವುದು, ವಿನಾಕಾರಣ ಸಿಡಿಮಿಡಿ, ‘ನನಗೇನೂ ಆಗಿಲ್ಲ’ ಎಂಬ ಹಟ. ಬೆಚ್ಚಗಾಗದೆ ನಡುಕ ನಿಂತರೆ ಅದು ಚೇತರಿಕೆಯಲ್ಲ, ಗಂಭೀರ ಸ್ಥಿತಿ. ಚಳಿ ಹಿಡಿದವರಿಗೆ ಇದು ತಿಳಿಯುವುದಿಲ್ಲ, ಜೊತೆಯವರೇ ಗಮನಿಸಬೇಕು.

ಗಾಳಿ ತಾಗದ ಕಡೆ, ಬಸ್ ನಿಲ್ದಾಣವೋ ಯಾರದಾದರೂ ಮನೆಯ ಜಗಲಿಯೋ, ಕರೆದೊಯ್ಯಿರಿ. ಮಲೆನಾಡಿನಲ್ಲಿ ಒದ್ದೆಯಾಗಿ ಬಂದವರನ್ನು ಯಾರೂ ಬೇಡ ಎನ್ನುವುದಿಲ್ಲ. ಒದ್ದೆ ಬಟ್ಟೆ ಪೂರ್ತಿ ತೆಗೆದು ಒಣಬಟ್ಟೆ, ಟೋಪಿ ಹಾಕಿ. ನೆಲದ ಮೇಲೆ ನೇರ ಕೂರಿಸದೆ ಚೀಲದ ಮೇಲೆ ಕೂರಿಸಿ. ಎಚ್ಚರವಿದ್ದು ನುಂಗಬಲ್ಲವರಾದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ, ಒಲೆಯ ಬೆಂಕಿಗೆ ತೀರಾ ಹತ್ತಿರ ಕೂರಿಸಬೇಡಿ. ಬ್ರಾಂಡಿ ಬೇಡವೇ ಬೇಡ: ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಭ್ರಮೆ ಕೊಟ್ಟು ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಮಾತು ತೊದಲುವ ಹಂತ ತಲುಪಿದ್ದರೆ ನಡಿಗೆ ಅಲ್ಲಿಗೇ ಮುಗಿಯಿತು. ವಾಹನ ತರಿಸಿ ಆಸ್ಪತ್ರೆಗೆ ಹೋಗಿ.

10. ಮುಗಿದ ಮೇಲೆ

ತಲುಪಿದ ಕೂಡಲೇ, ಕಾಫಿಗೂ ಮೊದಲು, ಬಟ್ಟೆ ಬದಲಿಸಿ. ಮನೆಯವರಿಗೆ ಫೋನ್ ಮಾಡಿ. ಕಂಕುಳು, ಸೊಂಟ, ಮೊಣಕಾಲ ಹಿಂಭಾಗದಲ್ಲಿ ಇಂಬಳ ಹುಡುಕಿ. ಕಾಲನ್ನು ಸೋಪಿನಿಂದ ತೊಳೆದು ಬೆರಳ ಸಂದು ಒರೆಸಿ ಒಣಗಿಸಿ, ಇಲ್ಲವಾದರೆ ವಾರದೊಳಗೆ ಕೆಸರುಹುಣ್ಣು. ಶೂವಿನೊಳಗೆ ಹಳೆಯ ದಿನಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ.

ಗದ್ದೆ, ಹಳ್ಳದ ನೀರಿನಲ್ಲಿ ಇಲಿಯ ಮೂತ್ರ ಸೇರಿರಬಹುದು. ಕಾಲಿನ ಗಾಯದ ಮೂಲಕ ಇಲಿಜ್ವರ ತಗುಲುವುದು ಹೀಗೆ. ಎರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಕೆಸರುನೀರಿನಲ್ಲಿ ನಡೆದಿದ್ದೆ ಎಂಬುದನ್ನು ಕೇಳುವ ಮೊದಲೇ ಹೇಳಿ.